ಅಮ್ಮನ ಚಳಿ, ನನ್ನ ಮೀಟರು

ದೆಹಲಿಯಲ್ಲಿರುವ ಕನ್ನಡಿಗರಿಗೆ ಊರಿನಿಂದ ಫೋನ್ ಬಂದರೆ ಕ್ಷೇಮ ಸಮಾಚಾರದ ನಂತರ ಒಂದೇ ಪ್ರಶ್ನೆ. ಮೇ ತಿಂಗಳಾದರೆ "ಅಲ್ಲಿ ಭಾರೀ ಸೆಕೆಯಂತಲ್ಲ?", ಡಿಸೆಂಬರಾದರೆ "ಅಲ್ಲಿ ಭಾರೀ ಚಳಿಯಂತಲ್ಲ?" 1997ರಲ್ಲಿ ಬ್ಯಾಂಕಿನವರು ಪ್ರಮೋಷನ್ ಅಂತ ಹೇಳಿ ನನ್ನನ್ನು ಇಲ್ಲಿಗೆ ತಂದು ಹಾಕಿದಾಗಿನಿಂದ ನಾನು ಇದಕ್ಕೆ ಅಂಕಿಯಲ್ಲೇ ಉತ್ತರ ಕೊಡುತ್ತಾ ಬಂದಿದ್ದೇನೆ. "ನಲವತ್ನಾಲ್ಕು." "ಐದು." ಬಿ.ಕಾಂ. ಓದಿದವನು ನೋಡಿ, ಅಂಕಿ ಹೇಳದಿದ್ದರೆ ಲೆಕ್ಕ ತಾಳೆಯಾಗದ ಹಾಗೆ ಚಡಪಡಿಕೆ. ಈ ಚಟ ಒಂದು ಸಲ ನಮ್ಮ ಮನೆಯಲ್ಲೇ ಎಲ್ಲಿಗೆ ಮುಟ್ಟಿತ್ತು ಅಂತ ಬರೆಯಬೇಕು ಅಂದುಕೊಂಡು ನಾಲ್ಕೈದು ವರ್ಷವಾಯಿತು. ಇವತ್ತು ಬರೆದುಬಿಡುತ್ತೇನೆ.

2019ರ ಅಕ್ಟೋಬರಿನಲ್ಲಿ ಅಪ್ಪ ಹೋದರು. ತೀರ್ಥಹಳ್ಳಿ ಹತ್ತಿರದ ಆ ಹಳೆಯ ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು ಬೇಡ, ಯುಗಾದಿವರೆಗಾದರೂ ನಮ್ಮ ಜೊತೆ ಇರಲಿ ಅಂತ ಡಿಸೆಂಬರ್ ಮೊದಲ ವಾರ ಕರೆದುಕೊಂಡು ಬಂದೆ. ಅವಳಿಗೆ ಆಗ ಎಪ್ಪತ್ತಾರು. ನಮ್ಮದು ದ್ವಾರಕಾದಲ್ಲಿ ಮೇಲಿನ ಮಹಡಿಯ ಫ್ಲ್ಯಾಟು. ಅಮ್ಮನಿಗೆ ಕೊಟ್ಟದ್ದು ಉತ್ತರದ ಕೋಣೆ. ಬಚ್ಚಲು ಪಕ್ಕದಲ್ಲೇ ಇದೆ ಅನ್ನುವ ಕಾರಣಕ್ಕೆ. ನೆಲಕ್ಕೆಲ್ಲ ಬಿಳಿ ಮಾರ್ಬಲ್. ನಮಗೆ ಮನೆ ಮಾರಿದ ಪಂಜಾಬಿ ಅದನ್ನು ಹತ್ತು ಸಲ ಸವರಿ ಸವರಿ ತೋರಿಸಿದ್ದ.

ದೆಹಲಿಯ ಮನೆಗಳ ಗುಟ್ಟು ನಿಮಗೆ ಗೊತ್ತಿರಬಹುದು. ಇವು ಬೇಸಿಗೆಯ ಹೆದರಿಕೆಯಿಂದ ಕಟ್ಟಿದ ಮನೆಗಳು. ಚಳಿಗಾಲದಲ್ಲಿ ಹಗಲು ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಅದಕ್ಕೇ ಜನ ಕುರ್ಚಿ ತಗೊಂಡು ತಾರಸಿಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಾ ಕೂರುವುದು. ಹೊಸದಾಗಿ ಬಂದಾಗ ನಾನು ಇವರೆಲ್ಲ ಸೋಮಾರಿಗಳು ಅಂದುಕೊಂಡಿದ್ದೆ.

ಅಮ್ಮನಿಗಾಗಿ ಎಣ್ಣೆ ತುಂಬಿದ ಹೀಟರ್ ಒಂದನ್ನು ಕೊಂಡೆ. ಜೊತೆಗೆ ಗೋಡೆಗೆ ತೂಗುಹಾಕುವ ಚಿಕ್ಕ ಡಿಜಿಟಲ್ ಥರ್ಮಾಮೀಟರು. ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ ಅಂತ ಸುತ್ತಲೂ ಫೋಮ್ ಟೇಪ್ ಅಂಟಿಸಿ ಬಿಗಿ ಮಾಡಿದೆ. ಎರಡು ದಿನದಲ್ಲಿ ಮೀಟರು ಇಪ್ಪತ್ತಕ್ಕೆ ಬಂದು ನಿಂತಿತು. ನನಗೆ ಆಡಿಟ್ ಪಾಸಾದಷ್ಟು ಸಂತೋಷ.

"ಎಂತಾ ಚಳಿ ಮಾರಾಯ" ಅಂದಳು ಅಮ್ಮ.

"ಇಪ್ಪತ್ತು ಡಿಗ್ರಿ ಇದೆ ಅಮ್ಮ. ನಮ್ಮೂರಲ್ಲಿ ಧನುರ್ಮಾಸದಲ್ಲಿ ಹದಿನೈದಕ್ಕೆ ಇಳೀತದೆ. ಆಗ ನೀನು ಕತ್ತಲೆಯಲ್ಲೇ ಎದ್ದು ಅಂಗಳ ಗುಡಿಸ್ತಿದ್ದೆ."

"ಅದು ಬೇರೆ. ಇಲ್ಲಿ ಗೋಡೆ ಚಳಿ ಬಿಡ್ತದೆ."

ಗೋಡೆ ಚಳಿ ಬಿಡುವುದು! ನಾನು ಮೀಟರನ್ನು ಬೆರಳಿನಲ್ಲಿ ತೋರಿಸಿದೆ. ಮರುದಿನವೂ ಅದೇ ಮಾತು, ಅದೇ ಬೆರಳು. ಒಂದು ದಿನ ಹೆಂಡತಿಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ, "ಅವಳಿಗೆ ಮೈಗೆ ಚಳಿಯಲ್ಲ, ಮನಸ್ಸಿಗೆ. ಅಪ್ಪನ ನೆನಪು." ತುಂಬ ತಿಳಿದವನ ಹಾಗೆ ಹೇಳಿದ್ದೆ. ಅಮ್ಮನಿಗೆ ಕೇಳಿಸಿತ್ತು ಅಂತ ಆಮೇಲೆ ಗೊತ್ತಾಯಿತು. ಆ ದಿನದಿಂದ ಅವಳು ಚಳಿಯ ಸುದ್ದಿ ಎತ್ತಲೇ ಇಲ್ಲ. ಒಗ್ಗಿಹೋಯಿತು ಅಂತ ನಾನು ಅಂದುಕೊಂಡೆ.

ಮೂರನೇ ವಾರದ ಒಂದು ಮಧ್ಯಾಹ್ನ. ನಾನು ಬ್ಯಾಂಕಿನಲ್ಲಿ, ಹೆಂಡತಿ ಶಾಲೆಯಲ್ಲಿ. ನಮ್ಮ ಬ್ಲಾಕಿನ ಕೆಳಗೆ ಇಸ್ತ್ರಿಯವನೊಬ್ಬ ಇದ್ದಾನೆ, ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಅಮ್ಮ ಹಿಂದಿ ಬರದಿದ್ದರೂ ಕೈಸನ್ನೆಯಲ್ಲೇ ಅವನ ಹತ್ತಿರ ಮಾತಾಡಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ಹಾಕಿಸಿಕೊಂಡು, ಲಿಫ್ಟಿನಲ್ಲಿ ಮೇಲೆ ತಂದು, ಕೋಣೆಯ ಬಾಗಿಲು ಹಾಕಿಕೊಂಡು ಅದರ ಮುಂದೆ ಕೂತಿದ್ದಾಳೆ. ಅಗ್ಗಿಷ್ಟಿಕೆ ಮುಂದೆ ಕೂತೇ ಬೆಳೆದವಳು, ಅವಳಿಗೆ ಅದರಲ್ಲಿ ಹೊಸದೇನೂ ಇಲ್ಲ. ಆದರೆ ಊರಿನ ಹಂಚಿನ ಮಾಡಿನಲ್ಲಿ ನೂರು ಸಂದಿ. ಇಲ್ಲಿ ಇದ್ದ ಒಂದು ಸಂದಿಗೂ ನಾನೇ ಟೇಪ್ ಅಂಟಿಸಿದ್ದೆ.

ಹೆಂಡತಿ ಎರಡೂವರೆಗೆ ಬಂದಾಗ ಅಮ್ಮ ನೆಲದ ಮೇಲೆ ಒರಗಿದ್ದಳಂತೆ. ವಾಂತಿಯಾಗಿತ್ತು. ತಲೆ ಒಡೆದುಹೋಗುವ ನೋವು. ಕರೆದರೆ ತಡವಾಗಿ ಓಗೊಡುತ್ತಿದ್ದಳು. ಬಾಗಿಲು ಕಿಟಕಿ ತೆರೆದು, ನೆರೆಯವರ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ನಾನು ಓಡಿ ತಲುಪುವಷ್ಟರಲ್ಲಿ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಇದ್ದಿಲು ಅರೆಬರೆ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಅನ್ನುವ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ನಾನೇ ಎಷ್ಟು ಸಲ ಓದಿ ಪುಟ ತಿರುವಿದ್ದೇನೆ. ನಿಮ್ಮ ಮನೆಯಲ್ಲಿ ಊರಿನಿಂದ ಬಂದ ಹಿರಿಯರಿದ್ದರೆ ದಯವಿಟ್ಟು ಈ ಒಂದು ಮಾತನ್ನು ಅವರಿಗೆ ಬಿಡಿಸಿ ಹೇಳಿ.

ರಾತ್ರಿ ಮನೆಗೆ ಕರೆತಂದ ಮೇಲೆ ಕೇಳಿದೆ, "ಅಷ್ಟು ಚಳಿಯಾಗ್ತಿದ್ರೆ ನನಗೆ ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ನೀನು ಮೀಟರು ತೋರಿಸ್ತಿದ್ದೆ."

ಉತ್ತರ ಇರಲಿಲ್ಲ ನನ್ನ ಹತ್ತಿರ.

ಮಗಳು ಆಗ ಆರ್ಕಿಟೆಕ್ಚರ್ ಓದುತ್ತಿದ್ದಳು. ಆ ವಾರವೇ ರಜೆಗೆ ಬಂದಳು. ನಡೆದದ್ದನ್ನೆಲ್ಲ ಕೇಳಿ ಅಜ್ಜಿಯ ಕೋಣೆಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. "ಅಪ್ಪ, ಅಜ್ಜಿ ಹೇಳಿದ್ದೇ ಸರಿ. ನಿನ್ನ ಮೀಟರ್ ಬರೀ ಗಾಳಿ ಅಳೀತಿದೆ" ಅಂದಳು. ಆಮೇಲೆ ನನಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ಜಮಾ-ಖರ್ಚಿನ ಭಾಷೆಯಲ್ಲಿ, ಪಾಠ ಮಾಡಿದಳು.

ಸುಮ್ಮನೆ ಕೂತ ದೊಡ್ಡ ಮನುಷ್ಯನೊಬ್ಬನ ಮೈ ಸುಮಾರು ನೂರು ವ್ಯಾಟ್ ಶಾಖ ಹುಟ್ಟಿಸುತ್ತದೆ, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಇದು ಜಮಾ. ಅಷ್ಟನ್ನೂ ಅವನು ಹೊರಗೆ ಬಿಡುತ್ತಲೇ ಇರಬೇಕು. ಅದು ಖರ್ಚು. ಎರಡೂ ಸರಿಹೋದರೆ ಹಿತ. ಖರ್ಚು ಹೆಚ್ಚಾದರೆ ಚಳಿ, ಖರ್ಚು ಮಾಡಲಾಗದೆ ಉಳಿದುಹೋದರೆ ಸೆಕೆ. ಗಾಳಿಗೆ ಹೋಗುವುದು ಒಂದು ಬಾಬ್ತು ಮಾತ್ರ. ಅದಕ್ಕೆ ಕಡಿಮೆಯಿಲ್ಲದ ಇನ್ನೊಂದು ಬಾಬ್ತು, ಮುಟ್ಟದೆಯೇ ಸುತ್ತಲಿನ ಗೋಡೆ, ಗಾಜು, ಮಾಡಿಗೆ ವಿಕಿರಣವಾಗಿ ಹೋಗುವ ಶಾಖ. ನಾವು ಗೋಡೆಗೆ ಕೊಡುತ್ತೇವೆ, ಗೋಡೆ ನಮಗೆ ಕೊಡುತ್ತದೆ. ಗೋಡೆ ತಣ್ಣಗಿದ್ದರೆ ಅದು ವಾಪಸು ಕೊಡುವುದು ಕಡಿಮೆ. ವಸೂಲಾಗದ ಸಾಲ ಅನ್ನಿ! ಗಾಳಿ ಅಲುಗದ ಕೋಣೆಯಲ್ಲಿ ಗಾಳಿ 20, ಸುತ್ತಲಿನ ಮೇಲ್ಮೈಗಳು 12 ಇದ್ದರೆ ಮೈಗೆ ಅನ್ನಿಸುವುದು ಹೆಚ್ಚುಕಡಿಮೆ ಎರಡರ ಸರಾಸರಿ, 16. ಬಿಸಿಲು ಕಾಣದ ಉತ್ತರದ ಗೋಡೆಗೆ ಅಮ್ಮನ ಮಂಚ ತಾಗಿಕೊಂಡೇ ಇತ್ತು. ತಾರಸಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟವರ ಲೆಕ್ಕ ಇದರ ತದ್ವಿರುದ್ಧ. ಗಾಳಿ ಹದಿನಾಲ್ಕಿದ್ದರೂ ಸೂರ್ಯ ನೇರವಾಗಿ ಬೆನ್ನಿಗೆ ಜಮಾ ಮಾಡುತ್ತಿರುತ್ತಾನೆ.

ಇನ್ನು ಊರಿನ ಹದಿನೈದು ಡಿಗ್ರಿಯ ಮಾತು. ಅಂಗಳ ಗುಡಿಸುವವಳು, ಬಚ್ಚಲೊಲೆಗೆ ಕಟ್ಟಿಗೆ ತುರುಕುವವಳು, ಕೊಟ್ಟಿಗೆಗೆ ಓಡುವವಳು ಕೂತವನ ಎರಡು ಮೂರು ಪಟ್ಟು ಶಾಖ ದುಡಿಯುತ್ತಾಳೆ. ನಾನು ಅವಳನ್ನು ಇಲ್ಲಿ ತಂದು, ಗೌರವದಿಂದ, ಕೆಲಸ ಕೊಡದೆ ಮಂಚದ ಮೇಲೆ ಕೂರಿಸಿದ್ದೆ. ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆ, ಹುಟ್ಟುವ ಶಾಖವೂ ಕಡಿಮೆ. ಚಳಿಯಲ್ಲಿ ಚರ್ಮದ ರಕ್ತನಾಳ ಬಿಗಿಯಾಗಿ ಶಾಖ ಉಳಿಸಿಕೊಳ್ಳುವ ಶಕ್ತಿಯೂ ಸಡಿಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಳಿಯ ಕಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು ಅಂದಿದೆ.

ಮಾರ್ಬಲ್ಲಿನದ್ದು ಇನ್ನೊಂದು ಕಥೆ. ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಮಾರ್ಬಲ್, ಮರದ ಮಣೆ, ಕಂಬಳಿ ಮೂರನ್ನೂ ಮೀಟರು ಒಂದೇ ಅನ್ನುತ್ತದೆ. ಬರಿಗಾಲು ಮೂರನ್ನೂ ಬೇರೆ ಬೇರೆ ಅನ್ನುತ್ತದೆ. ಕಲ್ಲು ಪಾದದ ಶಾಖವನ್ನು ಸರಸರ ಎಳೆದುಕೊಂಡುಬಿಡುತ್ತದೆ, ಮರ ನಿಧಾನ, ಕಂಬಳಿ ಇನ್ನೂ ನಿಧಾನ. ಚರ್ಮ ಓದುವುದು ನೆಲದ ಡಿಗ್ರಿಯನ್ನಲ್ಲ, ತನ್ನಿಂದ ಶಾಖ ಹೋಗುವ ವೇಗವನ್ನು.

ಇದೆಲ್ಲ ಕೇಳಿದ ಮೇಲೆ ನನಗೆ ಹೊಳೆದದ್ದು ಒಂದು. ಇದನ್ನು ಕಲಿಯಲು ನನಗೆ ಮಗಳ ಪಾಠ ಬೇಕಿರಲಿಲ್ಲ, ನಮ್ಮ ಭಾಷೆ ಮೊದಲೇ ಹೇಳಿಬಿಟ್ಟಿದೆ. ನೀರು ತಣ್ಣಗಿದೆ ಅನ್ನುತ್ತೇವೆ, ನೆಲ ತಣ್ಣಗಿದೆ ಅನ್ನುತ್ತೇವೆ. ನೀರಿಗೆ ಚಳಿಯಾಗಿದೆ ಅನ್ನುವುದಿಲ್ಲ. ಚಳಿಯಾಗುವುದು ನನಗೆ. ಹಾಗೆಯೇ ಹಾಲು ಬಿಸಿ, ಹಂಡೆ ಬಿಸಿ, ಆದರೆ ಸೆಕೆ ನನಗೆ. ವಸ್ತುವಿನ ಗುಣಕ್ಕೊಂದು ಪದ, ಜೀವದ ಅನುಭವಕ್ಕೆ ಬೇರೆಯೇ ಪದ. ಹಿಂದಿಯಲ್ಲಿ ನೋಡಿ, ನೀರೂ ಠಂಡಾ, ನನಗಾಗುವುದೂ ಠಂಡ್. ಇಪ್ಪತ್ತೆರಡು ವರ್ಷ ಇಲ್ಲಿದ್ದು ನನ್ನ ತಲೆಯಲ್ಲೂ ಎರಡೂ ಒಂದಾಗಿಹೋಗಿತ್ತೋ ಏನೋ. ಚಳಿಜ್ವರ ಅನ್ನುವ ಪದವನ್ನೇ ತಗೊಳ್ಳಿ. ಮೈ ನೂರಾಮೂರು ಸುಡುತ್ತಿರುತ್ತದೆ, ಹಲ್ಲು ಕಟಕಟ ಅನ್ನುತ್ತಿರುತ್ತದೆ. ಅಂಥವರ ಮುಂದೆ ಥರ್ಮಾಮೀಟರು ಹಿಡಿದು ನಿನಗೆ ಚಳಿಯೇ ಇಲ್ಲ ಅಂತ ಯಾರಾದರೂ ವಾದಿಸುತ್ತಾರೆಯೇ? ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ವಿಜ್ಞಾನವೂ ಈಗ ಈ ಕಡೆಗೇ ಬಂದಿದೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂದದ್ದು ಬಿಸಿ, ತಣ್ಣನೆ ಮತ್ತು ಸ್ಪರ್ಶವನ್ನು ನಮ್ಮ ನರಗಳು ಹೇಗೆ ಗ್ರಹಿಸುತ್ತವೆ ಅಂತ ತೋರಿಸಿದ್ದಕ್ಕೆ. ಮೆಣಸಿನಕಾಯಿಯ ಖಾರಕ್ಕೂ ಸುಡುವ ಬಿಸಿಗೂ ಒಂದೇ ಗ್ರಾಹಕ ಬಾಗಿಲು ತೆರೆಯುತ್ತದಂತೆ. ಪುದೀನದ ಜಾತಿಯ ಮೆಂಥಾಲಿಗೂ ತಂಪಿಗೂ ಇನ್ನೊಂದು. ಡಿಗ್ರಿ ಒಂದಿಷ್ಟೂ ಬದಲಾಗದೆ ಬಾಯಿ ಉರಿಯುತ್ತದೆ, ಬಾಯಿ ತಂಪಾಗುತ್ತದೆ.

ನಿಜ ಹೇಳಬೇಕೆಂದರೆ ನನಗೆ ಇದು ಬ್ಯಾಂಕಿನಲ್ಲೇ ಅರ್ಥವಾಗಬೇಕಿತ್ತು. ಶಾಖೆ ಅಂದಮೇಲೆ ಶಾಖದ ಜಗಳ ಇಲ್ಲದೆ ಇರುತ್ತದೆಯೇ! ನಮ್ಮಲ್ಲಿ ಎ.ಸಿ. ರಿಮೋಟು ನನ್ನ ಡ್ರಾಯರಿನಲ್ಲಿ ಇರುತ್ತಿತ್ತು, ಲಾಕರ್ ಕೀಲಿಯ ಪಕ್ಕ. ಮ್ಯಾನೇಜರು ಕೋಟು ಟೈ ಹಾಕಿಕೊಂಡು 21 ಮಾಡು ಅನ್ನುತ್ತಿದ್ದರು. ಗಾಳಿ ಬೀಳುವ ಜಾಗದಲ್ಲಿ ಕೂತ ಮಹಿಳಾ ಸಿಬ್ಬಂದಿ ಜೂನ್ ತಿಂಗಳಲ್ಲಿ ಶಾಲು ಹೊದೆಯುತ್ತಿದ್ದರು. ಬಾಗಿಲ ಹತ್ತಿರದ ಕೌಂಟರಿನವನು ಬೆವರು ಒರೆಸುತ್ತಿದ್ದ. ನನ್ನ ತೀರ್ಪು ಯಾವಾಗಲೂ ಒಂದೇ: ರಿಮೋಟಿನ ಅಂಕಿ ಎಲ್ಲರಿಗೂ ಸಮಾನ.

ಸಮಾನವೇನೂ ಅಲ್ಲ. ಉಡುಪು ಎಷ್ಟು ಬೆಚ್ಚಗೆ ಅಂತ ಅಳೆಯಲು ವಿಜ್ಞಾನಿಗಳು 1941ರಲ್ಲೇ 'ಕ್ಲೋ' ಅನ್ನುವ ಒಂದು ಮಾಪನ ಮಾಡಿದ್ದಾರೆ. ಒಂದು ಕ್ಲೋ ಅಂದರೆ ಹೆಚ್ಚುಕಡಿಮೆ ಕೋಟಿನ ಪೂರ್ತಿ ಸೂಟು. ಅದನ್ನು ಹಾಕಿಕೊಂಡು ಸುಮ್ಮನೆ ಕೂತವನಿಗೆ ಹಿತವಾಗುವುದು 21 ಡಿಗ್ರಿ. ನಮ್ಮ ಮ್ಯಾನೇಜರು ಓದದೆಯೇ ಸರಿಯಾದ ಅಂಕಿ ಹೇಳುತ್ತಿದ್ದರು, ತಮ್ಮ ಮಟ್ಟಿಗೆ! ತೆಳು ಚೂಡಿದಾರ ಅಂದರೆ ಅದರ ಅರ್ಧದಷ್ಟು. ಡೆನ್ಮಾರ್ಕಿನ ಫ್ಯಾಂಗರ್ ಅನ್ನುವವರು 1970ರಲ್ಲಿ ಪುಸ್ತಕ ಬರೆದು ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳ ಉಷ್ಣತೆ, ಗಾಳಿಯ ವೇಗ, ತೇವಾಂಶ, ಉಡುಪು, ಮಾಡುವ ಕೆಲಸ ಈ ಆರನ್ನೂ ಸೇರಿಸಿ ಒಂದು ಸೂತ್ರ ಕಟ್ಟಿದರು. ಪ್ರಪಂಚದ ಕಚೇರಿಗಳೆಲ್ಲ ಅದನ್ನು ಹಿಡಿದುಕೊಂಡವು. ಅದರ ಪ್ರಕಾರವೇ, ಎಲ್ಲವೂ ಅತ್ಯುತ್ತಮವಾಗಿ ಹೊಂದಿದಾಗಲೂ ನೂರಕ್ಕೆ ಐದು ಜನ ಅತೃಪ್ತರು ಇದ್ದೇ ಇರುತ್ತಾರೆ. ಇಪ್ಪತ್ತು ಜನರ ನಮ್ಮ ಶಾಖೆಯಲ್ಲಿ ಒಬ್ಬರು, ಗ್ಯಾರಂಟಿ. 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ಈ ಸೂತ್ರದೊಳಗೆ ಹೊಕ್ಕು ನೋಡಿದರೆ, ಮೈ ಹುಟ್ಟಿಸುವ ಶಾಖದ ಅಂದಾಜಿಗೆ ಇಟ್ಟುಕೊಂಡದ್ದು ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸನ್ನು. ಶಾಲು ಹೊದ್ದವರು ನಖರಾ ಮಾಡುತ್ತಿರಲಿಲ್ಲ ಅಂತಾಯಿತು. ಅವರಲ್ಲಿ ಒಬ್ಬರು ರಿಟೈರಾಗುವ ದಿನ ನಗುನಗುತ್ತಲೇ "ಸರ್, ಈಗಲಾದರೂ ರಿಮೋಟ್ ಕೊಡಿ" ಅಂದಿದ್ದರು.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಅಹಮದಾಬಾದ್, ದೆಹಲಿ, ಶಿಮ್ಲಾ, ಚೆನ್ನೈ ಮತ್ತು ನಮ್ಮ ಬೆಂಗಳೂರು, ಐದೂ ಕಡೆಯ ಕಚೇರಿಗಳಲ್ಲಿ ಜನರನ್ನೇ ಕೇಳಿ ಲೆಕ್ಕ ಹಾಕಿದರು. ಎ.ಸಿ. ಇಲ್ಲದೆ ಕಿಟಕಿ ತೆರೆದುಕೊಳ್ಳುವ ಕಟ್ಟಡಗಳಲ್ಲಿ ಭಾರತೀಯರಿಗೆ ಹಿತವೆನಿಸುವ ಉಷ್ಣತೆ ಹೊರಗಿನ ಹವೆಯ ಜೊತೆಗೇ ಸರಿಯುತ್ತಾ 19.6ರಿಂದ 28.5 ಡಿಗ್ರಿಯವರೆಗೆ ಹೋಗುತ್ತದೆ. ಅಂದರೆ ಒಂದೇ ಜನ, ಕಾಲಕ್ಕೆ ತಕ್ಕ ಹಾಗೆ ಬೇರೆ ಬೇರೆ ಹಿತ. 2020ರ ಜನವರಿ 1ರಿಂದ ಹೊಸ ಎ.ಸಿ.ಗಳು ಶುರುವಾಗುವುದೇ 24ಕ್ಕೆ ಅಂತ ಸರ್ಕಾರ ನಿಯಮ ಮಾಡಿತು. ಶುರುವಿಗೆ ಒಂದು ಅಂಕಿ ಬೇಕಲ್ಲ, ಬಿಡಿ.

ಮನೆಗೆ ಬರೋಣ. ಮಗಳ ಮಾತಿನಂತೆ ಅಮ್ಮನ ಮಂಚವನ್ನು ಗೋಡೆಯಿಂದ ಮೂರಡಿ ಎಳೆದೆವು. ಸತ್ಯನಾರಾಯಣ ಪೂಜೆಗೆ ಹಾಸುವ ದೊಡ್ಡ ಜಮಖಾನವನ್ನು ಉತ್ತರದ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟೆವು. ಕಿಟಕಿಗೆ ದಪ್ಪ ಪರದೆ, ಕಾಲಡಿಗೆ ಮಣೆ. ಹೆಂಡತಿ ಒಂದು ಹೆಜ್ಜೆ ಮುಂದೆ ಹೋಗಿ ಅತ್ತೆಗೆ ಬೆಳಗಿನ ರೊಟ್ಟಿ ತಟ್ಟುವ ಕೆಲಸ ವಹಿಸಿಬಿಟ್ಟಳು. ಅಮ್ಮ ಒಲೆಯ ಮುಂದೆ ನಿಂತಳು. ಡಿಸೆಂಬರ್ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ಉಷ್ಣತೆಯೇ 9.4. 1901ರಿಂದ ಈಚೆಗೆ ಡಿಸೆಂಬರಿನಲ್ಲಿ ಅಷ್ಟು ತಣ್ಣನೆಯ ಹಗಲು ದಾಖಲಾಗಿರಲಿಲ್ಲ. ಆ ದಿನ ನಮ್ಮ ಮೀಟರು ಹದಿನೆಂಟರ ಮೇಲೆ ಏರಲೇ ಇಲ್ಲ. ನಾನೇ ಎರಡು ಸಲ ಹೋಗಿ "ಚಳಿಯಾ ಅಮ್ಮ?" ಅಂದೆ. "ಪರವಾಗಿಲ್ಲ" ಅಂದಳು. ಅಂಕಿ ಹೇಳದೆ ಬಾಗಿಲು ಮುಂದೆ ಮಾಡಿ ಬಂದೆ.

ಯುಗಾದಿಗೆ ಊರಿಗೆ ಹೊರಡಬೇಕಿತ್ತಲ್ಲ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಅಮ್ಮ ಇಲ್ಲೇ ಉಳಿದಳು, ದೆಹಲಿಯ ಬೇಸಿಗೆಗೆ. ಬ್ಯಾಂಕು ಮಾತ್ರ ನಡೆಯುತ್ತಲೇ ಇತ್ತು. ಕಿಟಕಿ ತೆರೆದಿಡಿ, ಎ.ಸಿ.ಯನ್ನು 24ರಿಂದ 30ರೊಳಗೆ ಇಡಿ ಅನ್ನುವ ಸಲಹೆ ಬಂತು. ಫ್ಯಾನು ಹಾಕಿಕೊಂಡು ಇಪ್ಪತ್ತೆಂಟರಲ್ಲಿ ಎಲ್ಲರೂ ಕೆಲಸ ಮಾಡಿದೆವು. ಕೋಟು ತಾನಾಗಿಯೇ ಕುರ್ಚಿಯ ಬೆನ್ನಿಗೆ ಹೋಯಿತು. ರಿಮೋಟಿನ ಮಾತೇ ಯಾರೂ ಎತ್ತಲಿಲ್ಲ.

ಮೇ 26ರಂದು ನಮ್ಮ ಪಕ್ಕದ ಪಾಲಂನಲ್ಲಿ 47.6. ರಾತ್ರಿ ಹನ್ನೊಂದಕ್ಕೂ ಎ.ಸಿ. ಇದ್ದ ಕೋಣೆಯಲ್ಲೇ ಅಮ್ಮ ಹೊರಳಾಡುತ್ತಿದ್ದಳು. "ಮಾಡು ಕಾವು ಬಿಡ್ತದೆ" ಅಂದಳು. ಈ ಸಲ ನಾನು ವಾದಿಸಲಿಲ್ಲ. ಹಣೆಗೆ ಹಿಡಿಯುವ ಪಿಸ್ತೂಲಿನಂಥ ಥರ್ಮಾಮೀಟರು ಆಗ ಎಲ್ಲರ ಮನೆಯಲ್ಲೂ ಇತ್ತಲ್ಲ, ನಮ್ಮದರಲ್ಲಿ ಮೇಲ್ಮೈ ಅಳೆಯುವ ಗುಂಡಿಯೂ ಇತ್ತು. ಮಾಡಿಗೆ ಹಿಡಿದೆ: 38. ಕೋಣೆಯ ಗಾಳಿ 25. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಅವಳ ಮೇಲೆ ಸುರಿಯುತ್ತಿತ್ತು. ತಾರಸಿಗೆ ಬಿಳಿ ಸುಣ್ಣ ಬಳಿಸಿದೆ. ಅಮ್ಮ ಅಷ್ಟರಲ್ಲಿ ತನ್ನದೇ ದಾರಿ ಹುಡುಕಿಕೊಂಡಿದ್ದಳು. ಮಧ್ಯಾಹ್ನ ಹಾಸಿಗೆ ಬಿಟ್ಟು ಹಾಲಿನ ಬರಿ ನೆಲದ ಮೇಲೆ ಮಲಗಿ "ಈಗ ನಿನ್ನ ಮಾರ್ಬಲ್ ಚಂದ ನೋಡು" ಅನ್ನುತ್ತಿದ್ದಳು.

ಅಕ್ಟೋಬರಿನಲ್ಲಿ, ಅಪ್ಪನ ವರ್ಷಾಂತಿಕಕ್ಕೆ, ಅವಳನ್ನು ವಿಮಾನದಲ್ಲಿ ಊರಿಗೆ ಕರೆದುಕೊಂಡು ಹೋದೆ. ಮತ್ತೆ ಬರುವುದಿಲ್ಲ ಅಂದಳು. ಈಗ ತಂಗಿಯ ಮನೆಯ ಹತ್ತಿರವೇ ಇದ್ದಾಳೆ.

2021ರ ಜನವರಿ 1ರ ಬೆಳಗ್ಗೆ ಸಫ್ದರ್‌ಜಂಗ್‌ನಲ್ಲಿ 1.1 ಡಿಗ್ರಿ. ಖಾಲಿ ಇದ್ದ ಉತ್ತರದ ಕೋಣೆಗೆ ಹೋಗಿ ಹೀಟರು ಹಾಕಿದೆ. ಮೀಟರು ಹತ್ತೊಂಬತ್ತಕ್ಕೆ ಬರುವವರೆಗೆ ಕಾದೆ. ಆಮೇಲೆ ಪಿಸ್ತೂಲು ತಂದು ಬರಿ ಗೋಡೆಗೆ ಹಿಡಿದೆ: 11. ಜಮಖಾನಕ್ಕೆ ಹಿಡಿದೆ: 16. ಎರಡು ಮೂರು ಸಲ ಹಿಡಿದೆ. ಹಿಂದಿನ ಚಳಿಗಾಲ ಅವಳ ಬೆನ್ನು ಇದ್ದದ್ದು ಆ ಹನ್ನೊಂದಕ್ಕೆ ತಾಗಿಕೊಂಡು.

ತಡೆಯಲಾಗದೆ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮ, ಗೋಡೆ ನಿಜವಾಗಿಯೂ ತಣ್ಣಗಿತ್ತು. ಈಗ ಅಳೆದು ನೋಡಿದೆ, ಹನ್ನೊಂದು."

"ಅದಕ್ಕೆ ಪಿಸ್ತೂಲು ಬೇಕಾಯ್ತಾ ನಿನಗೆ?" ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಆ ಜಮಖಾನ ಇನ್ನೂ ಗೋಡೆಗೇ ಉಂಟಾ? ಮತ್ತೆ ಪೂಜೆಗೆ ಎಂತ ಹಾಸ್ತೀರಿ?" ಅಂದಳು.

ಪೂಜೆಗೆ ಬೇರೆ ಕೊಂಡೆವು. ಅದು ಅಲ್ಲೇ ಇದೆ, ಧೂಳು ಹಿಡಿಯುತ್ತದೆ ಅಂತ ಹೆಂಡತಿ ವರ್ಷಕ್ಕೊಮ್ಮೆ ಗೊಣಗುತ್ತಾಳೆ, ದೀಪಾವಳಿಗೆ ಇಳಿಸಿ ಕೊಡವಿ ಮತ್ತೆ ತೂಗುಹಾಕುತ್ತೇವೆ.